ಮರದ ನೆಲಹಾಸು: ಬಾಡಿಗೆಗೆ ಕೊಡುವವರೂ ಮಾರುವವರೂ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಹಳೆಯ ಮನೆಗಳನ್ನು ದುರಸ್ತಿ ಮಾಡಿಸಿ, ಕೆಲವನ್ನು ಬಾಡಿಗೆಗೆ ಕೊಟ್ಟು, ಕೆಲವನ್ನು ಮಾರಿದ ಕಾರಣಕ್ಕೆ ನೆಂಟರೂ ನೆರೆಯವರೂ ಅವರ ಪರಿಚಯದವರೂ ನೆಲಹಾಸಿನ ವಿಚಾರವಾಗಿ ನನ್ನನ್ನು ಕೇಳುವುದು ವಾಡಿಕೆಯಾಗಿದೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು, ಸುಲಭದವುಗಳನ್ನು ಮೊದಲಿಗೂ ತೊಡಕಿನವುಗಳನ್ನು ಕೊನೆಗೂ ಜೋಡಿಸಿದ್ದೇನೆ.

## ಮೊದಮೊದಲ ಪ್ರಶ್ನೆಗಳು

ಅಂಗಡಿಯಲ್ಲಿ "ವುಡನ್ ಫ್ಲೋರಿಂಗ್" ಅಂತ ತೋರಿಸುವುದೆಲ್ಲ ಮರವೇನಾ?

ಅಲ್ಲ. ಆ ಒಂದೇ ಹೆಸರಿನಲ್ಲಿ ಕನಿಷ್ಠ ನಾಲ್ಕು ಬಗೆಯ ಸರಕು ಮಾರಾಟವಾಗುತ್ತದೆ. ಸಾಲಿಡ್ ವುಡ್ ಎಂದರೆ ಸುಮಾರು 18ರಿಂದ 20 ಮಿ.ಮೀ. ದಪ್ಪದ ಅಪ್ಪಟ ಹಲಗೆ. ಎಂಜಿನಿಯರ್ಡ್ ವುಡ್‌ನಲ್ಲಿ ಒಡಲು ಪ್ಲೈವುಡ್ಡಿನದು ಅಥವಾ ಒತ್ತುಹಲಗೆಯದು, ಮೇಲಿನ ಪದರ ಮಾತ್ರ ನಿಜವಾದ ಮರದ್ದು. ಆ ಪದರ ಒಂದು ಮಿಲಿಮೀಟರಿಗಿಂತ ತೆಳುವಾಗಿಯೂ ಇರಬಹುದು, 6 ಮಿ.ಮೀ.ವರೆಗೂ ಇರಬಹುದು, ಬೆಲೆಯ ಏರಿಳಿತದ ಗುಟ್ಟು ಬಹುಮಟ್ಟಿಗೆ ಅಲ್ಲಿಯೇ ಇದೆ. ಲ್ಯಾಮಿನೇಟ್ ಎನ್ನುವುದು ಮರದ ನಾರನ್ನು ಒತ್ತಿ ಮಾಡಿದ ಎಚ್‌ಡಿಎಫ್ ಹಲಗೆ, ಅದರ ಮೇಲೆ ಮರದ ಚಿತ್ರ ಮುದ್ರಿಸಿದ ಕಾಗದ, ಅದರ ಮೇಲೊಂದು ಮೆಲಮೈನ್ ರಾಳದ ಗಟ್ಟಿ ಪದರ. ಎಸ್‌ಪಿಸಿಯಲ್ಲಂತೂ ಮರವೇ ಇಲ್ಲ, ಅದು ಸುಣ್ಣಕಲ್ಲಿನ ಪುಡಿ ಮತ್ತು ಪಿವಿಸಿ ಬೆರೆಸಿ ಒತ್ತಿದ ಹಾಳೆ. ಅಂಗಡಿಯಲ್ಲಿ ಮೇಲ್ಮೈಯನ್ನು ನೋಡುವ ಬದಲು ಹಲಗೆಯ ಅಂಚನ್ನು ತಿರುಗಿಸಿ ನೋಡಿದರೆ ಯಾವುದು ಯಾವುದೆಂದು ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ.

ಬಾಡಿಗೆ ಮನೆಗೆ ಹಾಕಿಸಿದರೆ ಬಾಡಿಗೆ ಜಾಸ್ತಿ ಸಿಗುತ್ತಾ?

ಸಿಕ್ಕರೂ ಹಾಕಿದ ದುಡ್ಡಿಗೆ ತಕ್ಕಷ್ಟು ಸಿಗುವುದು ಅಪರೂಪ. ಈ ಊರಿನಲ್ಲಿ ಬಾಡಿಗೆಯನ್ನು ನಿರ್ಧರಿಸುವುದು ಬಡಾವಣೆ, ಮೆಟ್ರೋ ಅಥವಾ ಆಫೀಸಿನ ದೂರ, ಕಾವೇರಿ ನೀರಿನ ಸಂಪರ್ಕ, ಕಾರು ನಿಲ್ಲಿಸುವ ಜಾಗ. ನೆಲ ಯಾವುದೆಂದು ಕೇಳಿ ಬಾಡಿಗೆ ಮಾತನಾಡಿದವರನ್ನು ನಾನು ನೋಡಿದ್ದು ಕಡಿಮೆ. ಆದರೆ ಒಡೆದ ಟೈಲು, ಕಲೆಗಟ್ಟಿದ ಮೊಸಾಯಿಕ್, ಒಂದೊಂದು ಕೋಣೆಗೆ ಒಂದೊಂದು ಬಣ್ಣದ ನೆಲ ಕಂಡು ಬಾಗಿಲಲ್ಲೇ ಹಿಂದಿರುಗಿದವರನ್ನು ಬೇಕಾದಷ್ಟು ನೋಡಿದ್ದೇನೆ. ಆದ್ದರಿಂದ ಬಾಡಿಗೆ ಮನೆಯಲ್ಲಿ ನೆಲದ ಕೆಲಸದ ಲಾಭವನ್ನು ಮನೆ ಎಷ್ಟು ದಿನ ಖಾಲಿ ಬಿತ್ತು ಎಂಬುದರಲ್ಲಿ ಅಳೆಯಬೇಕು.

ಮಾರುವ ಮನೆಯಾದರೆ ಲೆಕ್ಕ ಬೇರೆಯೇ?

ಸ್ವಲ್ಪ ಬೇರೆ. ಹಳೆಯ ಸ್ವತಂತ್ರ ಮನೆಯನ್ನು ಕೊಳ್ಳುವವರಲ್ಲಿ ಅನೇಕರು ಕೊಳ್ಳುವುದು ನಿವೇಶನವನ್ನು. ಕೆಡವಿ ಕಟ್ಟುವ ಉದ್ದೇಶವಿರುವವರಿಗೆ ನಿಮ್ಮ ಓಕ್ ಹಲಗೆಯೂ ಒಂದೇ, ಸಿಮೆಂಟಿನ ನೆಲವೂ ಒಂದೇ. ಅಂಥ ಮನೆಯ ನೆಲಕ್ಕೆ ಒಂದು ರೂಪಾಯಿಯನ್ನೂ ಹಾಕಬೇಡಿ ಎಂದು ನೇರವಾಗಿಯೇ ಹೇಳುತ್ತೇನೆ. ಅಪಾರ್ಟ್‌ಮೆಂಟಿನ ಮನೆಯನ್ನಾದರೆ ಕೊಳ್ಳುವವರು ಇದ್ದಂತೆಯೇ ಕೊಳ್ಳುತ್ತಾರೆ, ಆಗ ದೊಡ್ಡ ಮಲಗುವ ಕೋಣೆಯೊಂದಕ್ಕೆ ಒಳ್ಳೆಯ ಎಂಜಿನಿಯರ್ಡ್ ವುಡ್ ಹಾಕಿಸುವುದು ಅರ್ಥವುಳ್ಳ ಖರ್ಚು. ಇಡೀ ಮನೆಗೆ ಅಗ್ಗದ ಲ್ಯಾಮಿನೇಟ್ ಹಾಸಿದರೆ ಕೊಳ್ಳುವವರಿಗೆ ಅನುಮಾನ ಹುಟ್ಟುತ್ತದೆ, ಏನನ್ನೋ ಮುಚ್ಚಿಡಲು ಹಾಸಿದ್ದಾರೆ ಎಂಬ ಅನುಮಾನ. ಅದು ಎಷ್ಟೋ ಬಾರಿ ನಿಜವೂ ಆಗಿರುತ್ತದೆ.

ನಮ್ಮದು ಬಸವನಗುಡಿಯಲ್ಲಿ ತಾತನ ಕಾಲದ ಮನೆ, ರೆಡ್ ಆಕ್ಸೈಡ್ ನೆಲ. ಮಕ್ಕಳು ಅದರ ಮೇಲೆ ಮರ ಹಾಕಿಸಿ ಅಂತಾರೆ. ಹಾಕಿಸಲಾ?

ಈ ಪ್ರಶ್ನೆಗೆ ಉತ್ತರಿಸುವಾಗ ನಾನು ಪಕ್ಷಪಾತಿ ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಸಿಮೆಂಟಿಗೆ ಕಬ್ಬಿಣದ ಆಕ್ಸೈಡಿನ ಪುಡಿ ಬೆರೆಸಿ, ಕರಣೆಯಿಂದ ಕೈಯಲ್ಲೇ ತಿಕ್ಕಿ ತಿಕ್ಕಿ ಹೊಳಪು ತರಿಸಿದ ಆ ನೆಲವನ್ನು ಇಂದು ಮಾಡಬಲ್ಲ ಗಾರೆ ಕೆಲಸದವರು ಬೆರಳೆಣಿಕೆಯಷ್ಟು. ದಶಕಗಳ ಕಾಲ ಬರಿಗಾಲು ಓಡಾಡಿ ಬಂದ ಹೊಳಪನ್ನು ಯಾವ ಪಾಲಿಶ್ ಯಂತ್ರವೂ ಕೊಡುವುದಿಲ್ಲ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಲ್ಲಿ ಹಳೆಯ ಮನೆಯನ್ನು ಹಳೆಯ ಮನೆ ಎಂದೇ ಇಷ್ಟಪಟ್ಟು ಬರುವ ಬಾಡಿಗೆದಾರರೂ ಕಚೇರಿ, ಕಾಫಿ ಅಂಗಡಿ ನಡೆಸುವವರೂ ಕೇಳುವುದು ಆ ಕೆಂಪು ನೆಲವನ್ನೇ.

ಕೂದಲೆಳೆಯ ಬಿರುಕುಗಳಿದ್ದರೆ ಅವುಗಳ ಪಾಡಿಗೆ ಬಿಡುವುದು ಮೇಲು, ಏಕೆಂದರೆ ತೇಪೆಯ ಬಣ್ಣ ಸುತ್ತಲಿನ ಬಣ್ಣಕ್ಕೆ ಎಂದೂ ಹೊಂದುವುದಿಲ್ಲ. ನೆಲವನ್ನು ಸೌಮ್ಯವಾದ ಸೋಪಿನಿಂದ ತೊಳೆದು, ಚೆನ್ನಾಗಿ ಒಣಗಿಸಿ, ಮೇಣದ ಪಾಲಿಶ್ ಉಜ್ಜಿಸಿದರೆ ಅದರ ಮುಖವೇ ಬದಲಾಗುತ್ತದೆ. ಆಸಿಡ್ ಮಾತ್ರ ಸೋಕಿಸಬೇಡಿ. ಜಯನಗರದ ಕಡೆಯ 1970–80ರ ದಶಕಗಳ ಮನೆಗಳಲ್ಲಿ ಕಾಣುವ ಮೊಸಾಯಿಕ್ ನೆಲಕ್ಕೂ ಇದೇ ಮಾತು ಒಪ್ಪುತ್ತದೆ, ಅದನ್ನು ವಜ್ರದ ಕಲ್ಲಿನ ಯಂತ್ರದಿಂದ ಮತ್ತೆ ಉಜ್ಜಿಸಬಹುದು. ಧೂಳು ಗೋಡೆಯ ಮೇಲೆಲ್ಲ ಕೂರುವುದರಿಂದ ಬಣ್ಣ ಬಳಿಯುವ ಮೊದಲು ಉಜ್ಜಿಸಬೇಕು.

ಮಕ್ಕಳ ಹಟಕ್ಕೆ ಮಣಿಯಲೇಬೇಕಾದರೆ ಅಂಟು, ಮೊಳೆ ಯಾವುದೂ ಇಲ್ಲದ ತೇಲುವ ಹಾಸನ್ನು ಒಂದು ಕೋಣೆಗೆ ಮಾತ್ರ ಹಾಕಿಸಿ. ಮುಂದೊಂದು ದಿನ ಅದನ್ನು ಎತ್ತಿದರೆ ಕೆಳಗಿನ ಕೆಂಪು ನೆಲ ಇದ್ದಂತೆಯೇ ಇರುತ್ತದೆ. ಅದಕ್ಕೂ ಮೊದಲು ತೇವದ ಬಗ್ಗೆ ಮುಂದೆ ಬರೆದಿರುವುದನ್ನು ಓದಬೇಕು.

ಮನೆ ಕೆಲಸದವರು ದಿನವೂ ಬಕೆಟ್ ನೀರಿನಲ್ಲಿ ಒರೆಸುತ್ತಾರೆ. ಏನೂ ಆಗಲ್ಲ ತಾನೇ?

ಆಗುತ್ತದೆ, ಮತ್ತು ನನ್ನ ಅನುಭವದಲ್ಲಿ ಬೆಂಗಳೂರಿನ ಮರದ ನೆಲಗಳನ್ನು ಮಳೆಗಿಂತ, ಗೆದ್ದಲಿಗಿಂತ ಹೆಚ್ಚಾಗಿ ಕೆಡಿಸಿರುವುದು ಈ ಬಕೆಟ್ಟೇ. ನಮ್ಮಲ್ಲಿ ನೆಲ ಒರೆಸುವುದೆಂದರೆ ನೀರು ತೊಟ್ಟಿಕ್ಕುವ ಬಟ್ಟೆ, ಅದಕ್ಕಿಷ್ಟು ಫಿನಾಯಿಲ್. ಲ್ಯಾಮಿನೇಟಿನ ಮೇಲ್ಮೈಗೆ ನೀರಿನಿಂದ ತೊಂದರೆಯಿಲ್ಲ, ಆದರೆ ಎರಡು ಹಲಗೆಗಳ ಸಂದಿನಲ್ಲಿ ಇಳಿದ ನೀರು ಎಚ್‌ಡಿಎಫ್ ಒಡಲನ್ನು ಊದಿಸುತ್ತದೆ. ಹಾಗೆ ಊದಿದ ಅಂಚು ಒಣಗಿದ ಮೇಲೂ ಮೊದಲಿನ ಮಟ್ಟಕ್ಕೆ ಇಳಿಯುವುದಿಲ್ಲ. ವಿಜಯನಗರದ ಮನೆಯೊಂದಕ್ಕೆ ನಾನು ಹಾಕಿಸಿದ ಲ್ಯಾಮಿನೇಟ್ ಎರಡೇ ವರ್ಷಕ್ಕೆ ಹಪ್ಪಳದಂತೆ ಅಂಚೆದ್ದಿತು. ಬಾಡಿಗೆಗಿದ್ದ ದಂಪತಿ ಮನೆಯನ್ನು ಕನ್ನಡಿಯಂತೆ ಇಟ್ಟುಕೊಂಡಿದ್ದರು, ತೊಂದರೆಯಾದದ್ದು ಆ ಶುಚಿತ್ವದಿಂದಲೇ. ಒದ್ದೆ ಬಟ್ಟೆಯ ಅಭ್ಯಾಸವನ್ನು ಬದಲಿಸಲು ಸಾಧ್ಯವೇ ಎಂಬ ಪ್ರಶ್ನೆಗೆ ಉತ್ತರ "ಇಲ್ಲ" ಎಂದಾದರೆ, ಮತ್ತು ಬಾಡಿಗೆ ಮನೆಯಲ್ಲಿ ಉತ್ತರ ಯಾವಾಗಲೂ ಇಲ್ಲ ಎಂದೇ, ಎಸ್‌ಪಿಸಿ ಅಥವಾ ಮರದ ಗೆರೆಯ ವಿಟ್ರಿಫೈಡ್ ಟೈಲು ಆರಿಸಿಕೊಳ್ಳಿ.

## ಆಯ್ಕೆ ಮಾಡುವಾಗಿನ ಪ್ರಶ್ನೆಗಳು

ಬೆಂಗಳೂರಿನ ಹವಾ ತಂಪಾಗಿದೆಯಲ್ಲ, ಮರಕ್ಕೆ ಒಗ್ಗುವುದಿಲ್ಲವೇ?

ಮರಕ್ಕೆ ಶಾಖಕ್ಕಿಂತ ಗಾಳಿಯ ತೇವಾಂಶ ಮುಖ್ಯ. ಮಾರ್ಚಿನ ಮಧ್ಯಾಹ್ನ ಶೇ. 30ರ ಆಸುಪಾಸಿಗೆ ಇಳಿಯುವ ನಮ್ಮ ಊರಿನ ತೇವಾಂಶ ಆಗಸ್ಟಿನ ಮುಂಜಾನೆಗಳಲ್ಲಿ ಶೇ. 80ನ್ನು ದಾಟುತ್ತದೆ. ಶೇ. 30ರ ಗಾಳಿಯಲ್ಲಿ ಬಹುಕಾಲ ಇದ್ದ ಮರದೊಳಗಿನ ನೀರಿನಂಶ ಸುಮಾರು ಶೇ. 6ಕ್ಕೆ ನಿಲ್ಲುತ್ತದೆ, ಶೇ. 80ರ ಗಾಳಿಯಲ್ಲಾದರೆ ಸುಮಾರು ಶೇ. 16ಕ್ಕೆ. ಮನೆಯೊಳಗೆ ಏರಿಳಿತ ಇಷ್ಟು ತೀವ್ರವಾಗಿರುವುದಿಲ್ಲ, ಆದರೂ ಬೇಸಿಗೆಗೂ ಮಳೆಗಾಲಕ್ಕೂ ನಡುವೆ ಶೇ. 4ರಷ್ಟು ವ್ಯತ್ಯಾಸ ಬಂದಿತೆಂದು ಇಟ್ಟುಕೊಳ್ಳೋಣ. 125 ಮಿ.ಮೀ. ಅಗಲದ ಓಕ್ ಹಲಗೆ ಆಗ ಹೆಚ್ಚೆಂದರೆ 1.8 ಮಿ.ಮೀ.ನಷ್ಟು ಹಿಗ್ಗುತ್ತದೆ, ಅಷ್ಟೇ ಅಗಲದ ಸಾಗುವಾನಿ 0.9 ಮಿ.ಮೀ.ನಷ್ಟು. ಹತ್ತು ಅಡಿಯ ಕೋಣೆಗೆ ಇಂಥ 24 ಹಲಗೆಗಳು ಬೇಕು ಎಂಬುದನ್ನು ನೆನೆದರೆ, ಮಾರ್ಚಿನಲ್ಲಿ ಒತ್ತಾಗಿ ಜೋಡಿಸಿದ ನೆಲ ಆಗಸ್ಟಿನಲ್ಲಿ ಏಕೆ ಗೂಡು ಕಟ್ಟಿದಂತೆ ಏಳುತ್ತದೆ ಎಂಬುದು ತಿಳಿಯುತ್ತದೆ. ಒಂದರ ಮೇಲೊಂದು ಅಡ್ಡಡ್ಡವಾಗಿ ಅಂಟಿಸಿದ ಪದರಗಳು ಪರಸ್ಪರ ಎಳೆದು ಹಿಡಿಯುವುದರಿಂದ ಎಂಜಿನಿಯರ್ಡ್ ಹಲಗೆ ಇಷ್ಟು ಹಿಗ್ಗುವುದಿಲ್ಲ, ಈ ಊರಿಗೆ ಅದು ಸಾಲಿಡ್‌ಗಿಂತ ಒಪ್ಪುವುದು ಆ ಕಾರಣಕ್ಕೆ. ಅದು ಅಗ್ಗ ಎಂಬುದು ಎರಡನೆಯ ಮಾತು.

ಸಾಗುವಾನಿಯೇ ಆಗಬೇಕಾ, ಓಕ್ ನಡೆಯುತ್ತಾ?

ಎರಡೂ ನಡೆಯುತ್ತವೆ. ಗಡಸುತನದ ಜಾಂಕಾ ಅಳತೆಯಲ್ಲಿ ಬಿಳಿ ಓಕ್ 1,360ರಷ್ಟಿದ್ದರೆ ಸಾಗುವಾನಿ 1,000 ದಾಟಿ ನಿಲ್ಲುತ್ತದೆ. ಹೀಗಾಗಿ ಕುರ್ಚಿ ಎಳೆದ ಗುರುತು ಸಾಗುವಾನಿಯಲ್ಲಿ ಬೇಗ ಮೂಡುತ್ತದೆ. ಹಿಗ್ಗು ಕುಗ್ಗು ಕಡಿಮೆ, ತನ್ನದೇ ಎಣ್ಣೆಯಂಶದಿಂದಾಗಿ ಹುಳುವಿಗೆ ಸುಲಭಕ್ಕೆ ಬಗ್ಗುವುದಿಲ್ಲ ಎಂಬುದು ಸಾಗುವಾನಿಯ ಹೆಚ್ಚುಗಾರಿಕೆ. ಹೆಸರಿನ ಬಲ ಅದಕ್ಕಿಂತ ದೊಡ್ಡದು: ನಮ್ಮ ಊರಿನ ಕೊಳ್ಳುವವರಿಗೆ "ಓಕ್" ಎಂದರೆ ಒಂದು ಬಣ್ಣ, "ಸಾಗುವಾನಿ" ಎಂದರೆ ಒಂದು ಆಸ್ತಿ.

ಲ್ಯಾಮಿನೇಟಿನ ಮೇಲೆ ಎಸಿ 3, ಎಸಿ 4 ಅಂತ ಬರೆದಿರುತ್ತದೆ. ಏನದು?

ಸವೆತ ತಡೆಯುವ ಶಕ್ತಿಯ ಯುರೋಪಿಯನ್ ಶ್ರೇಣಿ. ಸ್ವಂತ ಮನೆಗೆ ಎಸಿ 3 ಸಾಕು, ಬಾಡಿಗೆ ಮನೆಗೆ ಎಸಿ 4 ಹಾಕಿಸಿ. ಈ ಅಂಕಿ ಸವೆತದ ಬಗ್ಗೆ ಹೇಳುತ್ತದೆಯೇ ಹೊರತು ನೀರಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ದಪ್ಪಕ್ಕೂ ಅದಕ್ಕೂ ಸಂಬಂಧವಿಲ್ಲ: 12 ಮಿ.ಮೀ. ಹಲಗೆಯೂ ಎಸಿ 3 ಇರಬಹುದು.

ಇರುವ ಟೈಲ್ಸ್ ಮೇಲೆಯೇ ಹಾಸಬಹುದಾ, ಕೀಳಿಸಬೇಕಾ?

ಹಾಸಬಹುದು, ಮತ್ತು ಬಾಡಿಗೆ ಮನೆಯಲ್ಲಿ ಅದೇ ಜಾಣತನ. ಟೈಲು ಕಿತ್ತರೆ ಧೂಳು, ಕಸ ಸಾಗಿಸುವ ಖರ್ಚು, ಕೆಳಗಿನ ನೀರಿನ ಕೊಳವೆಗೆ ಪೆಟ್ಟು ಬೀಳುವ ಭಯ ಎಲ್ಲವೂ ಸೇರಿಕೊಳ್ಳುತ್ತವೆ. ಮೊದಲು ಎರಡು ವಿಷಯಗಳನ್ನು ನೋಡಿಕೊಳ್ಳಬೇಕು. ನೆಲದ ಮಟ್ಟ ಎರಡು ಮೀಟರು ಉದ್ದಕ್ಕೆ 3 ಮಿ.ಮೀ.ಗಿಂತ ಹೆಚ್ಚು ಏರುಪೇರಿರಬಾರದು, ಇದ್ದರೆ ನಡೆದಾಗಲೆಲ್ಲ ಹಲಗೆ ಕುಣಿಯುತ್ತದೆ, ಕ್ರಮೇಣ ಹಲಗೆಗಳನ್ನು ಒಂದಕ್ಕೊಂದು ಸಿಕ್ಕಿಸುವ ಅಂಚಿನ ಕೊಕ್ಕೆ ಮುರಿಯುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿದಾಗ ಟೊಳ್ಳು ಸದ್ದು ಬರುವ ಟೈಲುಗಳನ್ನು ಕಿತ್ತು ಗಾರೆ ತುಂಬಿಸಬೇಕು.

ಇಷ್ಟೆಲ್ಲ ನೋಡಿದವರೂ ಮರೆಯುವುದು ಬಾಗಿಲನ್ನು. 8 ಮಿ.ಮೀ. ಹಲಗೆ, 2 ಮಿ.ಮೀ. ಸ್ಪಂಜಿನ ಹಾಳೆ ಸೇರಿ ನೆಲ 10 ಮಿ.ಮೀ. ಏರಿದರೆ ಬಾಗಿಲುಗಳ ಕೆಳಗಂಚನ್ನು ತೋಪಡಿ ಹಿಡಿಸಬೇಕಾಗುತ್ತದೆ, ಗೋಡೆ ಬೀರುವಿನ ಬಾಗಿಲು ತೆರೆಯದೆ ಹೋಗಬಹುದು, ಸ್ನಾನದ ಮನೆಯ ಹೊಸ್ತಿಲು ಕೋಣೆಯ ಕಡೆಯಿಂದ ತಗ್ಗಿದಂತಾಗಬಹುದು. ಹಲಗೆ ತರುವ ಮುನ್ನ ಬಡಗಿಯನ್ನು ಕರೆಸಿ ಪ್ರತಿ ಬಾಗಿಲನ್ನೂ ಅಳೆಸಿ.

ನಮ್ಮದು ಗ್ರೌಂಡ್ ಫ್ಲೋರ್. ಗೋಡೆಯ ಬುಡದಲ್ಲಿ ಸುಣ್ಣ ಉದುರುತ್ತದೆ. ಪರವಾಗಿಲ್ಲವಾ?

ಇಲ್ಲ, ತೊಂದರೆ ಇದೆ. ಉದುರುವ ಸುಣ್ಣ, ಬಿಳಿ ಉಪ್ಪಿನ ಪುಡಿ, ಇವೆಲ್ಲ ಮಣ್ಣಿನ ತೇವ ಮೇಲೇರುತ್ತಿರುವುದರ ಗುರುತು. ಕಲ್ಲು ತಳಪಾಯದ ಹಳೆಯ ಮನೆಗಳಲ್ಲಿ ತೇವ ತಡೆಯುವ ಪಟ್ಟಿ ಇಲ್ಲದಿರುವುದೇ ಹೆಚ್ಚು. ಪರೀಕ್ಷೆ ಸುಲಭ: ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಮೇಲಿಟ್ಟು, ನಾಲ್ಕೂ ಅಂಚಿಗೆ ಟೇಪು ಅಂಟಿಸಿ, ಕನಿಷ್ಠ 16 ಗಂಟೆ ಬಿಟ್ಟು ಎತ್ತಿ ನೋಡಬೇಕು. ಹಾಳೆಯ ಒಳಮೈಯಲ್ಲಿ ಹನಿ ಕಂಡರೆ ಅಥವಾ ಕೆಳಗಿನ ನೆಲ ಕಪ್ಪಿಟ್ಟಿದ್ದರೆ ಆ ನೆಲಕ್ಕೆ ಮರ ಬೇಡ. ಈ ಪರೀಕ್ಷೆಯನ್ನು ಏಪ್ರಿಲ್‌ನಲ್ಲಿ ಮಾಡಿ ನಿಶ್ಚಿಂತರಾಗಬೇಡಿ, ಒಂದು ಮಳೆಗಾಲದ ನಡುವೆಯೂ ಮಾಡಿ ನೋಡಿ. ಹೊಸದಾಗಿ ಹಾಕಿದ ಕಾಂಕ್ರೀಟಿಗೂ ಇದು ಬೇಕು, ಏಕೆಂದರೆ 28 ದಿನಕ್ಕೆ ಕಾಂಕ್ರೀಟು ಗಟ್ಟಿಯಾಗುತ್ತದೆಯೇ ಹೊರತು ಒಣಗಿರುವುದಿಲ್ಲ, ಒಣಗಲು ಪ್ರತಿ ಅಂಗುಲ ದಪ್ಪಕ್ಕೆ ಸುಮಾರು ಒಂದು ತಿಂಗಳು ಬೇಕು ಎಂಬುದು ಕೆಲಸದವರು ನಂಬುವ ಅಂದಾಜು.

ಗೆದ್ದಲಿನ ಭಯ ಇದೆ. ಔಷಧಿ ಹೊಡೆಸಿದರೆ ಸಾಕಾ?

ಮೇಲೆ ಸಿಂಪಡಿಸಿದರೆ ಸಾಲದು. ನಮ್ಮಲ್ಲಿ ಮನೆ ಹೊಕ್ಕುವ ಗೆದ್ದಲು ಮಣ್ಣಿನಿಂದ ಬರುತ್ತದೆ, ಆದ್ದರಿಂದ ಔಷಧಿ ನೆಲದ ಕೆಳಗಿನ ಮಣ್ಣಿಗೆ ಇಳಿಯಬೇಕು. ಕಟ್ಟಿದ ಮನೆಗಳಿಗೆ ಈ ಕೆಲಸ ಹೇಗೆ ನಡೆಯಬೇಕೆಂದು ಭಾರತೀಯ ಮಾನಕ ಐಎಸ್ 6313ರ ಮೂರನೆಯ ಭಾಗ ಹೇಳುತ್ತದೆ: ಗೋಡೆ ಮತ್ತು ನೆಲ ಸೇರುವ ಅಂಚಿನುದ್ದಕ್ಕೂ 300 ಮಿ.ಮೀ.ಗೊಂದರಂತೆ 12 ಮಿ.ಮೀ. ರಂಧ್ರ ಕೊರೆದು, ಔಷಧಿ ಇಳಿಸಿ, ಮುಚ್ಚಬೇಕು. ಈ ರಂಧ್ರಗಳನ್ನು ಮರ ಹಾಸಿದ ಮೇಲೆ ಕೊರೆಯಲಾಗದು ಎಂಬುದು ಹೇಳಬೇಕಾಗಿಲ್ಲದ ಮಾತು, ಆದರೂ ಎಷ್ಟೋ ಮಂದಿ ನೆಲ ಹಾಸಿಸಿ ಆರು ತಿಂಗಳಾದ ಮೇಲೆ ಈ ಪ್ರಶ್ನೆ ಕೇಳುತ್ತಾರೆ.

ಅಡುಗೆ ಮನೆಗೂ ದೇವರ ಮನೆಗೂ ಸೇರಿಸಿ ಹಾಕಿಸೋಣವೇ?

ಬೇಡ. ಅಡುಗೆ ಮನೆಯಲ್ಲಿ ನೀರು, ದೇವರ ಮನೆಯಲ್ಲಿ ದೀಪದ ಎಣ್ಣೆ, ಕುಂಕುಮ, ಅರಿಶಿನ. ಅರಿಶಿನದ ಕಲೆ ಮರಕ್ಕೆ ಹತ್ತಿದರೆ ಪಾಲಿಶ್ ಕೆರೆಸದೆ ಹೋಗುವುದು ಕಷ್ಟ. ಹಾಲ್‌ನಲ್ಲೂ ಮರವಿದ್ದರೆ ಹೊಸದಾಗಿ ಬಂದವರು ಗೃಹಪ್ರವೇಶದ ಹೋಮವನ್ನು ಎಲ್ಲಿ ಮಾಡುತ್ತಾರೆಂದು ಯೋಚಿಸಿ. ಇಟ್ಟಿಗೆಯ ಮೇಲೆ ಮರಳು ಸುರಿದು ಕುಂಡವಿಟ್ಟರೂ ಬಿಸಿ ಕೆಳಗಿಳಿಯುತ್ತದೆ. ಮನೆ ಕೊಂಡವರೊಬ್ಬರ ಹಾಲ್‌ನ ನಡುವೆ ಸುಟ್ಟ ಚೌಕವೊಂದು ಇಂದಿಗೂ ಟೀಪಾಯಿಯ ಕೆಳಗೆ ಅಡಗಿದೆ.

ಅಪಾರ್ಟ್‌ಮೆಂಟಿನಲ್ಲಿ ಕೆಳಗಿನ ಮನೆಯವರು ಟಪಟಪ ಸದ್ದು ಅಂತ ದೂರು ಕೊಟ್ಟಿದ್ದಾರೆ. ಏನು ಮಾಡಲಿ?

ತೇಲುವ ಹಾಸಿನ ಕೆಳಗೆ ತೆಳುವಾದ ಸ್ಪಂಜಿನ ಹಾಳೆ ಇದ್ದರೆ ಸದ್ದು ಕೆಳಗೂ ಇಳಿಯುತ್ತದೆ, ಕೋಣೆಯಲ್ಲೂ ಟೊಳ್ಳಾಗಿ ಕೇಳಿಸುತ್ತದೆ. ಕಾರ್ಕ್ ಅಥವಾ ರಬ್ಬರಿನ ಹಾಳೆ ಇದಕ್ಕಿಂತ ಮೇಲು, ಆದರೆ ಅದನ್ನು ಬದಲಿಸಲು ಇಡೀ ಹಾಸನ್ನು ಎತ್ತಬೇಕು. ಹಾಸಿ ಆಗಿದ್ದರೆ ಕುರ್ಚಿ ಮಂಚಗಳ ಕಾಲಿಗೆ ಫೆಲ್ಟ್ ಅಂಟಿಸಿ, ಓಡಾಡುವ ದಾರಿಗೆ ಜಮಖಾನೆ ಹಾಸಿ.

## ಹಣ ಮತ್ತು ಕರಾರಿನ ಪ್ರಶ್ನೆಗಳು

ಹಾಕಿದ ದುಡ್ಡು ಎಷ್ಟು ವರ್ಷಕ್ಕೆ ವಾಪಸ್ ಬರುತ್ತದೆ?

ಲೆಕ್ಕದ ದಾರಿಯನ್ನು ತೋರಿಸುತ್ತೇನೆ, ಅಂಕಿಗಳನ್ನು ನಿಮ್ಮ ಅಂಗಡಿಯ ದರಕ್ಕೆ ಬದಲಿಸಿಕೊಳ್ಳಿ. ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆ 120 ಚದರ ಅಡಿ. ಕತ್ತರಿಸಿ ವ್ಯರ್ಥವಾಗುವ ಶೇ. 10 ಸೇರಿಸಿದರೆ 132. ಹಲಗೆ, ಹಾಳೆ, ಸ್ಕರ್ಟಿಂಗ್ (ಗೋಡೆಯ ಬುಡದ ಪಟ್ಟಿ), ಕೂಲಿ ಎಲ್ಲ ಸೇರಿ ಚದರ ಅಡಿಗೆ 150 ರೂಪಾಯಿ ಎಂದಿಟ್ಟುಕೊಂಡರೆ 19,800 ರೂಪಾಯಿ, ಅಂಥ ಎರಡು ಕೋಣೆಗೆ 39,600. ಬಾಡಿಗೆ ತಿಂಗಳಿಗೆ 1,000 ಹೆಚ್ಚಿತೆಂದರೆ ದುಡ್ಡು ಹಿಂತಿರುಗಲು 40 ತಿಂಗಳು ಬೇಕು, ಅಷ್ಟರೊಳಗೆ ಹನ್ನೊಂದು ತಿಂಗಳ ಕರಾರು ಮೂರು ಸಲ ಮುಗಿದಿರುತ್ತದೆ, ನೆಲವೂ ಮೂರು ಸಂಸಾರಗಳ ಮಂಚ ಬೀರುಗಳನ್ನು ಕಂಡಿರಬಹುದು. ಅದೇ 30,000 ಬಾಡಿಗೆಯ ಮನೆ, ನೆಲ ಚೆನ್ನಾಗಿ ಕಂಡಿದ್ದರಿಂದ ಹದಿನೈದು ದಿನ ಮೊದಲೇ ಹೋಯಿತೆಂದರೆ ಉಳಿದದ್ದು 15,000. ಆದರೆ ಆ ಹದಿನೈದು ದಿನವನ್ನು ಗಳಿಸಲು ಮರವೇ ಬೇಕೆಂದಿಲ್ಲ, ಮೊಸಾಯಿಕ್ ಉಜ್ಜಿಸಿದರೂ ಅದು ಸಿಗುತ್ತದೆ. ನನ್ನ ಬಾಡಿಗೆ ಮನೆಗಳಲ್ಲಿ ನಾನು ಈಗ ಮರ ಹಾಕಿಸದಿರುವುದಕ್ಕೆ ಕಾರಣ ಈ ಲೆಕ್ಕವೇ.

ಬಾಡಿಗೆದಾರರು ನೆಲ ಗೀರಿದ್ದಾರೆ. ಅಡ್ವಾನ್ಸ್‌ನಲ್ಲಿ ಹಿಡಿದುಕೊಳ್ಳಬಹುದಾ?

ಯಾವ ಗೀರು ಎಂಬುದರ ಮೇಲೆ ನಿಂತಿದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಪ್ರಕಾರ ಬಾಡಿಗೆದಾರರು ಸ್ವತ್ತನ್ನು ಪಡೆದ ಸ್ಥಿತಿಯಲ್ಲೇ ಹಿಂದಿರುಗಿಸಬೇಕು, ಆದರೆ ಸಹಜವಾದ ಸವೆತಕ್ಕೆ ಅವರು ಹೊಣೆಯಲ್ಲ. ಓಡಾಡುವ ದಾರಿಯಲ್ಲಿ ಹೊಳಪು ಮಾಸುವುದು ಸಹಜ ಸವೆತ. ಫ್ರಿಜ್ ಎಳೆದು ಉಂಟಾದ ಕೊರಕಲು, ಹೂಕುಂಡದ ಕೆಳಗೆ ಕೊಳೆತ ಹಲಗೆ ಸಹಜವಲ್ಲ. ಹತ್ತು ತಿಂಗಳ ಅಡ್ವಾನ್ಸ್ ಪಡೆಯುವುದು, ಖಾಲಿ ಮಾಡುವಾಗ ಬಣ್ಣದ ಲೆಕ್ಕಕ್ಕೆಂದು ಒಂದು ತಿಂಗಳ ಬಾಡಿಗೆ ಹಿಡಿಯುವುದು ಈ ಊರಿನ ಹಳೆಯ ರೂಢಿ. ನೆಲದ ಹೆಸರಿನಲ್ಲಿ ಅದರ ಮೇಲೆ ಇನ್ನಷ್ಟು ಹಿಡಿಯಲು ಹೊರಟರೆ ಜಗಳ ಖಚಿತ. ಬೀಗದ ಕೈ ಕೊಡುವ ದಿನ ಪ್ರತಿ ಕೋಣೆಯ ನೆಲದ ಫೋಟೋ ತೆಗೆದು ಇಬ್ಬರೂ ಇಟ್ಟುಕೊಂಡು, "ನೆಲಕ್ಕೆ ನೀರು ಸುರಿದು ಒರೆಸಬಾರದು" ಎಂಬ ಒಂದು ಸಾಲನ್ನು ಕರಾರಿನಲ್ಲಿ ಸೇರಿಸಿದರೆ ಮಾತು ಅಲ್ಲಿಗೆ ನಿಲ್ಲುತ್ತದೆ.

ನಾನು ಬಾಡಿಗೆಗಿರುವವಳು. ನನ್ನ ಖರ್ಚಿನಲ್ಲೇ ಹಾಕಿಸಿಕೊಂಡು ಹೋಗುವಾಗ ತೆಗೆದುಕೊಂಡು ಹೋಗಬಹುದಾ?

ಮಾಲೀಕರ ಲಿಖಿತ ಒಪ್ಪಿಗೆ ಪಡೆದು, ಅಂಟಿಲ್ಲದ ತೇಲುವ ಹಾಸನ್ನು ಹಾಕಿಸಿಕೊಳ್ಳಬಹುದು. ತಾವು ಅಳವಡಿಸಿದ್ದನ್ನು ಮನೆ ತಮ್ಮ ಸ್ವಾಧೀನದಲ್ಲಿ ಇರುವವರೆಗೆ ತೆಗೆದುಕೊಂಡು ಹೋಗುವ ಹಕ್ಕನ್ನು ಮೇಲೆ ಹೇಳಿದ ಸೆಕ್ಷನ್ನೇ ಬಾಡಿಗೆದಾರರಿಗೆ ಕೊಡುತ್ತದೆ, ಆದರೆ ಸ್ವತ್ತು ಮೊದಲಿದ್ದ ಸ್ಥಿತಿಯಲ್ಲೇ ಉಳಿದಿರಬೇಕು. ಅಂಟಿಸಿ ಕೂರಿಸಿದ ಹಾಸಿನಲ್ಲಿ ಅದು ಸಾಧ್ಯವಿಲ್ಲ. ಎತ್ತಿದ ಹಲಗೆ ಮುಂದಿನ ಮನೆಯ ಕೋಣೆಗೆ ಅಳತೆಯಲ್ಲಿ ಹೊಂದುವುದು ವಿರಳ, ಕೊಕ್ಕೆಗಳೂ ಎರಡನೆಯ ಸಲಕ್ಕೆ ಸಡಿಲ. ನನ್ನನ್ನು ಕೇಳಿದರೆ ಒಂದು ದೊಡ್ಡ ಜಮಖಾನೆ ಕೊಳ್ಳಿ.

ಈ ಖರ್ಚನ್ನು ಇನ್‌ಕಮ್ ಟ್ಯಾಕ್ಸ್‌ನಲ್ಲಿ ತೋರಿಸಬಹುದೇ?

ಬಾಡಿಗೆ ಆದಾಯದಲ್ಲಿ ಪಾಲಿಕೆಯ ತೆರಿಗೆ ಕಳೆದು ಉಳಿದದ್ದರ ಶೇ. 30ನ್ನು ದುರಸ್ತಿ ಇತ್ಯಾದಿಗಳಿಗೆಂದು ನೇರವಾಗಿ ಬಿಟ್ಟುಕೊಡಲಾಗುತ್ತದೆ. ನೀವು ಒಂದು ಪೈಸೆ ಖರ್ಚು ಮಾಡದಿದ್ದರೂ ಅಷ್ಟೇ, ನೆಲಕ್ಕೆ ಎರಡು ಲಕ್ಷ ಸುರಿದರೂ ಅಷ್ಟೇ. ಮಾರುವಾಗ ಮಾತ್ರ ಮನೆಯ ಸುಧಾರಣೆಗೆ ಮಾಡಿದ ಖರ್ಚನ್ನು ಬಂಡವಾಳ ಲಾಭದಿಂದ ಕಳೆಯಬಹುದು. ಸಿಮೆಂಟಿನ ನೆಲವಿದ್ದಲ್ಲಿ ಮರ ಹಾಕಿಸುವುದು ಸುಧಾರಣೆ ಎನ್ನಿಸಿಕೊಳ್ಳುತ್ತದೆ, ಇದ್ದ ಮರಕ್ಕೆ ಪಾಲಿಶ್ ಹೊಡೆಸುವುದು ದುರಸ್ತಿ. 2024ರ ಜುಲೈ 23ಕ್ಕೆ ಮೊದಲು ಕೊಂಡ ಮನೆಯಾದರೆ ಇಲ್ಲಿನ ನಿವಾಸಿಗಳಿಗೆ ಖರ್ಚನ್ನು ಹಣದುಬ್ಬರದ ಸೂಚ್ಯಂಕಕ್ಕೆ ತಕ್ಕಂತೆ ಏರಿಸಿ ಲೆಕ್ಕ ಹಾಕಿದ ಲಾಭಕ್ಕೆ ಶೇ. 20, ಅಥವಾ ಸೂಚ್ಯಂಕವಿಲ್ಲದೆ ಶೇ. 12.5, ಈ ಎರಡು ತೆರಿಗೆಗಳಲ್ಲಿ ಕಡಿಮೆಯದಕ್ಕೆ ಅವಕಾಶವಿದೆ. ಬಿಲ್ಲು ಜಿಎಸ್‌ಟಿ ಸಹಿತವಾಗಿರಲಿ, ಹಣ ಬ್ಯಾಂಕಿನ ಮೂಲಕ ಹೋಗಿರಲಿ. ಮೇಸ್ತ್ರಿ ಚೀಟಿಯ ಮೇಲೆ ಬರೆದುಕೊಟ್ಟ ಲೆಕ್ಕ ಅಲ್ಲಿ ನಿಲ್ಲುವುದಿಲ್ಲ.

## ತೊಡಕಿನ ಪ್ರಶ್ನೆಗಳು

ಕೊಂಡ ಮನೆಯಲ್ಲಿ ಹಳೆಯ ಮರದ ನೆಲ ಇದೆ, ಕಪ್ಪಾಗಿದೆ. ಕೀಳಿಸಲಾ, ಪಾಲಿಶ್ ಮಾಡಿಸಲಾ?

ಅದು ಸಾಲಿಡ್ ಆಗಿದ್ದರೆ ಕೀಳಿಸುವ ಮಾತೇ ಬೇಡ. ಯಂತ್ರದಿಂದ ಪೂರ್ತಿ ಉಜ್ಜುವಾಗ ಸುಮಾರು ಅರ್ಧದಿಂದ ಮುಕ್ಕಾಲು ಮಿಲಿಮೀಟರು ಮರ ಹೋಗುತ್ತದೆ. 18 ಮಿ.ಮೀ. ಹಲಗೆಯಲ್ಲಿ ಪಕ್ಕದ ಹಲಗೆಯೊಳಗೆ ಸೇರುವ ನಾಲಿಗೆಯಂಥ ಅಂಚಿನ ಮೇಲಕ್ಕೆ 6 ಮಿ.ಮೀ.ನಷ್ಟು ಮರವಿರುವುದರಿಂದ ಇಂಥ ಹಲವು ಸುತ್ತುಗಳನ್ನು ಅದು ತಾಳುತ್ತದೆ. ಎಂಜಿನಿಯರ್ಡ್ ಆಗಿದ್ದರೆ ಮೇಲ್ಪದರದ ದಪ್ಪ ತಿಳಿಯದೆ ಯಂತ್ರ ಇಡಿಸಬೇಡಿ. ಬಾಗಿಲಿನ ಬಳಿಯ ಲೋಹದ ಪಟ್ಟಿಯನ್ನು ಬಿಚ್ಚಿದರೆ ಹಲಗೆಯ ಅಡ್ಡಕೊಯ್ತ ಕಾಣುತ್ತದೆ. ಪದರ 2 ಮಿ.ಮೀ.ಗಿಂತ ತೆಳುವಾಗಿದ್ದರೆ ಮೇಲಿನ ಲೇಪವನ್ನಷ್ಟೇ ಹಗುರವಾಗಿ ಕೆರೆಸಿ ಹೊಸ ಲೇಪ ಕೊಡಿಸಬಹುದು, ಅಷ್ಟೇ. ಲ್ಯಾಮಿನೇಟಿಗೆ ಪಾಲಿಶ್ ಎಂಬುದೇ ಇಲ್ಲ, ಉಜ್ಜಿದರೆ ಹೋಗುವುದು ಚಿತ್ರ. ಪಾಲಿಯುರೆಥೇನ್ ಲೇಪವನ್ನು ಮಳೆ ಹಿಡಿದ ವಾರಗಳಲ್ಲಿ ಕೊಡಿಸಬೇಡಿ, ಡಿಸೆಂಬರಿನಿಂದ ಮಾರ್ಚಿನವರೆಗಿನ ಒಣಹವೆ ಅದಕ್ಕೆ ಒಳ್ಳೆಯದು.

ಹಾಲ್, ಪ್ಯಾಸೇಜು, ರೂಮು ಎಲ್ಲ ಸೇರಿ ಒಂದೇ ಹಾಸು ಬೇಕು. ಮಧ್ಯೆ ಪಟ್ಟಿ ಬೇಡ ಅಂದರೆ ಕೆಲಸದವರು ಒಪ್ಪುತ್ತಿಲ್ಲ.

ಕೆಲಸದವರು ಸರಿ. ತೇಲುವ ಹಾಸು ಒಂದೇ ತುಂಡಾಗಿ ಹಿಗ್ಗಿ ಕುಗ್ಗುತ್ತದೆ, ಅದಕ್ಕೆ ಗೋಡೆಯ ಸುತ್ತ 8ರಿಂದ 12 ಮಿ.ಮೀ. ಜಾಗ ಬಿಟ್ಟು ಸ್ಕರ್ಟಿಂಗ್‌ನಿಂದ ಮರೆಮಾಡುತ್ತಾರೆ. ಲ್ಯಾಮಿನೇಟಿನಲ್ಲಿ ಎಂಟು ಹತ್ತು ಮೀಟರಿಗಿಂತ ಉದ್ದ ಓಡಿಸಿದರೆ ಆ ಜಾಗ ಸಾಲದು. ಬಾಗಿಲಿನ ಕಿರಿದಾದ ಕತ್ತಿನಲ್ಲಿ ಎರಡು ಕೋಣೆಗಳ ಹಾಸು ಎರಡು ಕಡೆಗೆ ಎಳೆಯುವುದರಿಂದ ಸಂದು ಬಿಡುವುದೂ ಅಲ್ಲೇ. ಆ ಸಂದನ್ನು ಮುಚ್ಚುವ ಪಟ್ಟಿಯನ್ನು ಬಾಗಿಲು ಮುಚ್ಚಿದಾಗ ಬಾಗಿಲಿನ ಕೆಳಗೇ ಬರುವಂತೆ ಕೂರಿಸಿದರೆ ಕಣ್ಣಿಗೆ ಅಷ್ಟಾಗಿ ಬೀಳದು. ಗೋಡೆಗೆ ಕಟ್ಟಿದ ಭಾರದ ಬೀರುವನ್ನು ಹಾಸಿನ ಮೇಲೆ ಕೂರಿಸಿದರೂ ಇದೇ ತೊಂದರೆ: ಒಂದು ತುದಿ ಕಟ್ಟುಬಿದ್ದು, ಇನ್ನೊಂದು ತುದಿ ಏಳುತ್ತದೆ. ಹೀಗಾಗಿ ಬೀರು ಮೊದಲು, ಹಾಸು ಆಮೇಲೆ.

ಸಾಗುವಾನಿ ಅಂತ ಹೇಳಿ ಕೊಟ್ಟಿದ್ದಾರೆ. ನಿಜವಾಗಿಯೂ ಸಾಗುವಾನಿಯೇ ಅಂತ ಹೇಗೆ ತಿಳಿಯುವುದು?

ಬಣ್ಣ ಬಳಿದ ಮೇಲೆ ಕಣ್ಣಿಗೆ ತಿಳಿಯದು, ಬಳಿಯುವ ಮೊದಲು ತುಂಡೊಂದನ್ನು ಕೇಳಿ ಪಡೆಯಿರಿ. ಹೊಸದಾಗಿ ಕೊಯ್ದ ಸಾಗುವಾನಿಗೆ ತೊಗಲಿನಂಥ ವಾಸನೆ, ಕೈಗೆ ಎಣ್ಣೆ ಸವರಿದಂಥ ನುಣುಪು ಇರುತ್ತದೆ. ಮೈಸೂರು ರಸ್ತೆಯ ಟಿಂಬರ್ ಯಾರ್ಡುಗಳ ಹಳಬರು ಅಷ್ಟರಿಂದಲೇ ಹೇಳಿಬಿಡುತ್ತಾರೆ, ಆದರೆ ನಿಮಗೆ ಮಾರಿದವರೂ ಅದೇ ಮಾತು ಹೇಳಿದ್ದರಲ್ಲ. ದೊಡ್ಡ ಮೊತ್ತದ ವಿಷಯವಾದರೆ ಮಲ್ಲೇಶ್ವರದ 18ನೇ ಕ್ರಾಸಿನಲ್ಲಿರುವ ಕೇಂದ್ರ ಸರ್ಕಾರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಮರದ ಜಾತಿ ಗುರುತಿಸಿಕೊಡುತ್ತಾರೆ. ಮಾರಾಟದ ಜಾಹೀರಾತಿನಲ್ಲಿ "ಸಾಗುವಾನಿ ನೆಲ" ಎಂದು ಬರೆಯುವ ಮೊದಲು ನಿಮಗೇ ಅದು ಖಾತ್ರಿಯಾಗಿರಲಿ.

ಮಳೆಯಲ್ಲಿ ಮನೆಗೆ ನೀರು ನುಗ್ಗಿತ್ತು. ಮರದ ನೆಲ ಉಳಿಯುತ್ತಾ?

2022ರ ಸೆಪ್ಟೆಂಬರಿನ ಮಳೆಯಲ್ಲಿ ಹೊರ ವರ್ತುಲ ರಸ್ತೆ, ಯಮಲೂರು, ಬೆಳ್ಳಂದೂರು ಕಡೆಯ ಬಡಾವಣೆಗಳು ಮುಳುಗಿದಾಗ ಈ ಪ್ರಶ್ನೆ ಒಟ್ಟಿಗೇ ಬಹಳ ಮಂದಿಯಿಂದ ಬಂತು. ಲ್ಯಾಮಿನೇಟ್ ನಿಂತ ನೀರಿನಲ್ಲಿ ಒಂದು ರಾತ್ರಿ ಕಳೆದಿದ್ದರೆ ಅದನ್ನು ಹೊರಗೆ ಹಾಕಿ. ಎಸ್‌ಪಿಸಿ ಹಲಗೆಗೆ ಏನೂ ಆಗಿರುವುದಿಲ್ಲ, ಆದರೆ ಅದರ ಕೆಳಗೆ ಉಳಿದ ಕೊಳಚೆ ನೀರು ನಾರುತ್ತದೆ, ಆದ್ದರಿಂದ ಎತ್ತಿ, ತೊಳೆದು, ನೆಲ ಒಣಗಿಸಿ ಮತ್ತೆ ಕೂರಿಸಬೇಕು. ಸಾಲಿಡ್ ಹಲಗೆಯ ವಿಷಯದಲ್ಲಿ ಅವಸರವೇ ಶತ್ರು. ಒದ್ದೆಯಾದ ಹಲಗೆಯ ಅಂಚುಗಳು ಮೇಲೆದ್ದು ನಡು ತಗ್ಗಿದಂತೆ ಕಾಣುವಾಗ ಯಂತ್ರ ತಂದು ಅಂಚು ಉಜ್ಜಿಸಿದರೆ, ತಿಂಗಳುಗಳ ಮೇಲೆ ಮರ ಒಣಗಿದಾಗ ನಡು ಉಬ್ಬಿ ನಿಲ್ಲುತ್ತದೆ. ಕಿಟಕಿ ತೆರೆದು, ಫ್ಯಾನು ಹಾಕಿ, ಮುಂದಿನ ಫೆಬ್ರವರಿಯವರೆಗೆ ಕಾಯಿರಿ. ನೀರು ಒಮ್ಮೆ ನುಗ್ಗಿದ ನೆಲ ಅಂತಸ್ತಿಗೆ ಮತ್ತೆ ಮರ ಹಾಕಿಸುವುದನ್ನು ಮಾತ್ರ ನಾನು ಬೇಡವೆನ್ನುತ್ತೇನೆ.

ಕೆಲಸ ಮುಗಿದ ಮೇಲೆ ಒಂದೂವರೆ ಪೆಟ್ಟಿಗೆ ಹಲಗೆ ಉಳಿದಿದೆ. ಅಂಗಡಿಗೆ ಹಿಂದಿರುಗಿಸಲಾ?

ಒಂದು ಪೆಟ್ಟಿಗೆಯನ್ನಾದರೂ ಇಟ್ಟುಕೊಳ್ಳಿ. ಎರಡು ವರ್ಷದ ಮೇಲೆ ಅದೇ ಹೆಸರಿನ ಹಲಗೆ ಸಿಕ್ಕರೂ ಬಣ್ಣದ ಬ್ಯಾಚ್ ಬೇರೆಯಾಗಿರುತ್ತದೆ, ಕೊಕ್ಕೆಯ ಮಾದರಿಯೂ ಬದಲಾಗಿರಬಹುದು. ಪೆಟ್ಟಿಗೆಯ ಮೇಲಿನ ಬ್ಯಾಚ್ ಸಂಖ್ಯೆ ಕಾಣುವಂತೆ ಫೋಟೋ ತೆಗೆದುಕೊಂಡು, ಅಟ್ಟದ ಮೇಲೆ ನೇರವಾಗಿ ಮಲಗಿಸಿಡಿ, ಗೋಡೆಗೆ ಒರಗಿಸಿಟ್ಟರೆ ಬಾಗುತ್ತವೆ. ಮನೆ ಮಾರುವಾಗ ಆ ಪೆಟ್ಟಿಗೆಯನ್ನು ಬೀಗದ ಕೈಯ ಜೊತೆ ಕೊಳ್ಳುವವರಿಗೆ ಕೊಟ್ಟುಬಿಡಿ.